ಪೆದ್ದು ಪೋಲೀಸನೂ ನಮ್ಮ ಹೆಬ್ಬೆರಳೂ

ಪ್ರತಿ ಸಂಚಿಕೆಯಲ್ಲೂ ಒಂದು ವಿಮರ್ಶೆ ಇರಲೇಬೇಕೆಂಬುದು ನಮ್ಮ ಸಂಘದ ಪತ್ರಿಕೆಯ ಪದ್ಧತಿ. ಈ ಸಲ ಸಂಪಾದಕರು ಆ ಹೊರೆಯನ್ನು ನಮ್ಮ ಹೆಗಲಿಗೇರಿಸಿ, ‘ಊರಿನಿಂದ ಬರುವಾಗ ಯಾವುದಾದರೂ ಕಾದಂಬರಿ ತಂದಿರಬೇಕಲ್ಲ, ಅದರ ಮೇಲೆ ನಾಲ್ಕು ಪುಟ ಬರೆಯಿರಿ’ ಎಂದು ಅಪ್ಪಣೆ ಮಾಡಿದರು. ಕಾದಂಬರಿ ತಂದದ್ದು ನಿಜ. ಅದರ ಮೊದಲ ಅಧ್ಯಾಯವೂ ಇನ್ನೂ ಮುಗಿದಿಲ್ಲವೆಂಬುದು ಅಷ್ಟೇ ನಿಜ. ಮೂರು ತಿಂಗಳಿನಿಂದ ಮಟ್ಟಾಂಚೇರಿಯ ನಮ್ಮ ಬಾಡಿಗೆ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಊಟದ ಹೊತ್ತಿನವರೆಗೆ ನಡೆಯುವ ವ್ಯವಹಾರವೇ ಬೇರೆ. ಒಬ್ಬ ಪೋಲೀಸಿನವನು ಒಬ್ಬ ಕಳ್ಳನ ಹಿಂದೆ ಓಡುತ್ತಾನೆ. ಓಡಿಸುವವನು ಏಳನೆಯ ತರಗತಿಯ ನಮ್ಮ ಮಗ, ದಾರಿ ಹೇಳುವವರು ಎಪ್ಪತ್ತು ದಾಟಿದ ನಮ್ಮ ತಾಯಿ, ಕುಳಿತು ಟೀಕೆ ಮಾಡುವವರು ನಾವು. ಆದ್ದರಿಂದ ಓದುಗರು ಕ್ಷಮಿಸಬೇಕು. ಈ ತಿಂಗಳ ವಿಮರ್ಶೆ ಒಂದು ವೀಡಿಯೊ ಆಟದ್ದು.

‘ಆಟಕ್ಕೂ ವಿಮರ್ಶೆಯೇ?’ ಎಂದು ಹುಬ್ಬೇರಿಸುವ ಹಿರಿಯರು ನಮ್ಮಲ್ಲಿದ್ದಾರೆಂಬುದನ್ನು ಬಲ್ಲೆವು. ಯಕ್ಷಗಾನದ ಹಾಸ್ಯಗಾರ ನಿನ್ನೆ ರಾತ್ರಿ ಚೆನ್ನಾಗಿ ಬಿದ್ದನೋ ಇಲ್ಲವೋ ಎಂದು ಮರುದಿನ ಹೊಟೇಲಿನಲ್ಲಿ ಕುಳಿತು ಗಂಟೆಗಟ್ಟಲೆ ವಾದ ಮಾಡಿದ ಜನ ನಾವು. ಅದೇ ಹಾಸ್ಯಗಾರ ಪರದೆಯೊಳಗೆ ಟೊಪ್ಪಿಗೆ ಹಾಕಿಕೊಂಡು ಓಡಿದರೆ ಅವನ ಗುಣದೋಷ ಎಣಿಸಬಾರದೆಂದು ಯಾವ ಕಾನೂನಿದೆ?

ಆಟದ ಹೆಸರು ‘ಕೀಸ್ಟೋನ್ ಕೇಪರ್ಸ್’. ಅಮೆರಿಕದ ಆಕ್ಟಿವಿಷನ್ ಕಂಪೆನಿ 1983ರಲ್ಲಿ ಅಟಾರಿ 2600 ಎಂಬ ಯಂತ್ರಕ್ಕಾಗಿ ಇದನ್ನು ಹೊರತಂದಿತು. ರಚಿಸಿದವರು ಗ್ಯಾರಿ ಕಿಚನ್. ಅದರ ಹಿಂದಿನ ವರ್ಷ ‘ಡಾಂಕಿ ಕಾಂಗ್’ ಆಟವನ್ನು ಇದೇ ಯಂತ್ರಕ್ಕೆ ಹೊಂದಿಸಿಕೊಟ್ಟವರೂ ಅವರೇ. ಅಂತಸ್ತಿನಿಂದ ಅಂತಸ್ತಿಗೆ ಏರುತ್ತ, ಅಡ್ಡ ಬಂದದ್ದನ್ನು ಹಾರುತ್ತ ಸಾಗುವ ಈ ಜಾತಿಯ ಆಟಗಳಿಗೆ ‘ಪ್ಲಾಟ್‌ಫಾರ್ಮ್ ಆಟ’ ಎನ್ನುತ್ತಾರೆ. ರೈಲು ನಿಲ್ದಾಣಕ್ಕೂ ಇದಕ್ಕೂ ಸಂಬಂಧವಿಲ್ಲ.

ನಾವು ಇದನ್ನು ಮೊದಲು ಕಂಡದ್ದು ಕುಂದಾಪುರದ ಹತ್ತಿರದ ನಮ್ಮೂರಿನಲ್ಲಿ, ನಾಲ್ಕನೆಯ ತರಗತಿಯಲ್ಲಿದ್ದಾಗ. ಕುವೈತಿನಲ್ಲಿದ್ದ ನೆರೆಮನೆಯವರು ರಜೆಗೆ ಬರುವಾಗ ಬಣ್ಣದ ಟೀವಿಯ ಜೊತೆಗೆ ಒಂದು ಕಪ್ಪು ಪೆಟ್ಟಿಗೆಯನ್ನೂ ತಂದಿದ್ದರು. ಊರಿನ ಹುಡುಗರೆಲ್ಲ ಜಗಲಿಯ ಮೇಲೆ ನಿಂತು ಕಿಟಕಿಯ ಸರಳು ಹಿಡಿದು ನೋಡುವುದು. ಮುಟ್ಟುವ ಭಾಗ್ಯ ಆ ಮನೆಯ ಮಕ್ಕಳಿಗೆ ಮಾತ್ರ. ಮೂರು ಮಹಡಿಯ ಅಂಗಡಿ ಎಂಬುದೊಂದು ಇರುತ್ತದೆಂದೇ ನಮಗಾಗ ತಿಳಿಯದು. ಪೋಲೀಸಿನವನು ಹಡಗಿನ ಮೇಲೆ ಓಡುತ್ತಿದ್ದಾನೆಂದು ಬಹಳ ಕಾಲ ನಂಬಿದ್ದೆವು. ಕಳೆದ ಓಣಂ ರಜೆಯಲ್ಲಿ ಮಗ ಹಳೆಯ ಆಟಗಳನ್ನು ತುಂಬಿದ ಅಂಗೈಯಗಲದ ಯಂತ್ರವೊಂದನ್ನು ಎರ್ನಾಕುಲಂ ಪೇಟೆಯಿಂದ ಕೊಡಿಸಿಕೊಂಡ. ತಂತಿ ಸಿಕ್ಕಿಸಿದರೆ ಟೀವಿಯಲ್ಲೂ ಕಾಣುತ್ತದೆ. ನೂರಾರು ಹೆಸರುಗಳ ನಡುವೆ ಆ ಟೊಪ್ಪಿಗೆ ಥಟ್ಟನೆ ಕಣ್ಣಿಗೆ ಬಿತ್ತು. ಕಿಟಕಿಯ ಸರಳು ಬಿಟ್ಟು ಮೂವತ್ತು ವರ್ಷದ ಮೇಲೆ ನಮ್ಮ ಹೆಬ್ಬೆರಳು ಕೊನೆಗೂ ಅವನನ್ನು ಓಡಿಸಿತು. ಆ ಸಂಜೆ ಕಳ್ಳನನ್ನು ಒಮ್ಮೆಯೂ ಹಿಡಿಯಲಾಗಲಿಲ್ಲವೆಂದು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇವೆ.

ಕಥೆ ಇಷ್ಟೇ. ಒಂದು ದೊಡ್ಡ ಅಂಗಡಿ. ಮೂರು ಮಹಡಿ, ಮೇಲೊಂದು ಛಾವಣಿ. ಪರದೆಯಲ್ಲಿ ಒಮ್ಮೆಗೆ ಕಾಣುವುದು ಅಂಗಡಿಯ ಎಂಟರಲ್ಲಿ ಒಂದು ಪಾಲು. ಹ್ಯಾರಿ ಹೂಲಿಗನ್ ಎಂಬ ಪಟ್ಟೆ ಅಂಗಿಯ ಕಳ್ಳ ಎರಡನೆಯ ಮಹಡಿಯ ನಡುವಿನಿಂದ ಓಟ ಕೀಳುತ್ತಾನೆ. ಕೆಲ್ಲಿ ಎಂಬ ನಮ್ಮ ಪೋಲೀಸಿನವನು ಕೆಳಗಿನ ಮಹಡಿಯ ತುದಿಯಲ್ಲಿ ನಿಂತಿದ್ದಾನೆ. ಕೈಯಲ್ಲಿರುವುದು 50 ಸೆಕೆಂಡು. ಅಷ್ಟರೊಳಗೆ ಹಿಡಿಯದಿದ್ದರೆ, ಇಲ್ಲವೇ ಕಳ್ಳ ಛಾವಣಿ ಹತ್ತಿ ಪಾರಾದರೆ, ಕೆಲ್ಲಿಯ ಒಂದು ಜೀವ ಹೋಯಿತು. ದಾರಿಯಲ್ಲಿ ಸಾಮಾನು ತಳ್ಳುವ ಗಾಡಿಗಳು, ಪುಟಿಯುವ ಚೆಂಡುಗಳು, ಹಳೆಯ ಕಾಲದ ರೇಡಿಯೋಗಳು ಅಡ್ಡ ಬರುತ್ತವೆ. ತಗುಲಿದರೆ ಒಂದೊಂದಕ್ಕೂ 9 ಸೆಕೆಂಡು ದಂಡ. ಆಟಿಕೆಯ ವಿಮಾನ ತಗುಲಿದರೆ ಮಾತ್ರ ದಂಡವಿಲ್ಲ, ನೇರ ಪ್ರಾಣವೇ ಹೋಗುತ್ತದೆ. ಪರದೆಯ ಕೆಳಗೊಂದು ಪುಟ್ಟ ನಕ್ಷೆ. ಇಡೀ ಅಂಗಡಿಯಲ್ಲಿ ಯಾರು ಎಲ್ಲಿದ್ದಾರೆಂದು ಅದರಲ್ಲಿ ಚುಕ್ಕೆಯಾಗಿ ಕಾಣುತ್ತದೆ.

ಈ ಓಟದಲ್ಲೊಂದು ಸ್ವಾರಸ್ಯವಿದೆ. ಕೆಲ್ಲಿಯ ಕಾಲು ಚುರುಕು. ಹ್ಯಾರಿ ಅವನಿಗಿಂತ ಎಷ್ಟೋ ನಿಧಾನ. ಬಯಲಿನಲ್ಲಿ ಓಡಿದ್ದರೆ ಐದು ಸೆಕೆಂಡಿನಲ್ಲಿ ಸಿಕ್ಕಿಬೀಳುತ್ತಿದ್ದ. ಆದರೆ ಕಳ್ಳ ಅಂಗಡಿಯ ತುದಿಗೆ ಹೋದಾಗ ಮೇಲೂ ಹತ್ತಬಲ್ಲ, ಕೆಳಗೂ ಧುಮುಕಬಲ್ಲ. ಪೋಲೀಸಿನವನಿಗೆ ಎಸ್ಕಲೇಟರ್ ಮೇಲಕ್ಕೆ ಮಾತ್ರ. ಕೆಳಗಿಳಿಯಬೇಕಾದರೆ ಅಂಗಡಿಯ ನಡುವಿನ ಲಿಫ್ಟೇ ಗತಿ. ಆ ಲಿಫ್ಟೋ, ನಾವು ಹೋಗುವ ಹೊತ್ತಿಗೆ ಸದಾ ಬೇರೆ ಮಹಡಿಯಲ್ಲಿರುತ್ತದೆ. ಕೇಂದ್ರ ಸರಕಾರದ ಬಹುಮಹಡಿ ಕಛೇರಿಯಲ್ಲಿ ಹದಿನೆಂಟು ವರ್ಷ ಕಳೆದ ನಮಗೆ ಈ ಭಾಗವನ್ನು ಯಾರೂ ಕಲಿಸಬೇಕಾಗಲಿಲ್ಲ. ಅವಸರದಲ್ಲಿ ಒಂದು ಮಹಡಿ ಹೆಚ್ಚು ಹತ್ತಿಬಿಟ್ಟೆವೋ, ಕಳ್ಳ ಕೆಳಗೆ ಹಾರಿ ಹಾಯಾಗಿ ನಡೆದುಹೋಗುತ್ತಾನೆ. ನಾವು ಲಿಫ್ಟಿನ ಬಾಗಿಲಲ್ಲಿ ಸೆಕೆಂಡು ಎಣಿಸುತ್ತ ನಿಲ್ಲುತ್ತೇವೆ. ಬೇಗ ಓಡಬಲ್ಲವನನ್ನು ಪೆದ್ದನನ್ನಾಗಿ ಮಾಡುವುದಕ್ಕೆ ಬಾಳೆಹಣ್ಣಿನ ಸಿಪ್ಪೆ ಬೇಕಿಲ್ಲ, ಇಂಥ ಒಂದು ನಿಯಮ ಸಾಕು. ಈ ಆಟದ ನಗೆಯ ಬೇರು ಇರುವುದು ಇಲ್ಲಿ. ಗ್ಯಾರಿ ಕಿಚನ್ ಅವರ ಜಾಣತನಕ್ಕೆ ನಾವು ತಲೆದೂಗಿದ್ದೂ ಇಲ್ಲಿಯೇ.

ಈ ಪೋಲೀಸಿನವನ ವಂಶ ಹಳೆಯದು. ಮ್ಯಾಕ್ ಸೆನೆಟ್ ಎಂಬವರು 1912ರಲ್ಲಿ ಅಮೆರಿಕದಲ್ಲಿ ಕೀಸ್ಟೋನ್ ಎಂಬ ಚಿತ್ರಸಂಸ್ಥೆ ಆರಂಭಿಸಿದರು. ಚಾರ್ಲಿ ಚಾಪ್ಲಿನ್ 1914ರಲ್ಲಿ ಮೊದಲು ತೆರೆಗೆ ಬಂದದ್ದೂ ಇದೇ ಸಂಸ್ಥೆಯ ಚಿತ್ರಗಳಿಂದ. ಆ ಮೂಕಿ ಚಿತ್ರಗಳಲ್ಲಿ ‘ಕೀಸ್ಟೋನ್ ಕಾಪ್ಸ್’ ಎಂಬ ಪೋಲೀಸರ ಪಡೆ ಇತ್ತು. ದೂರು ಬಂದ ಕೂಡಲೇ ಒಬ್ಬರ ಮೇಲೊಬ್ಬರು ಬಿದ್ದು ಎದ್ದು ಹೊರಡುವುದು, ಒಂದೇ ಗಾಡಿಗೆ ಹತ್ತು ಜನ ಜೋತುಬೀಳುವುದು, ತಿರುವಿನಲ್ಲಿ ಅರ್ಧ ಜನ ಉದುರುವುದು. ಮಾತಿಲ್ಲದ ಕಾಲದ ನಗೆ ಅದು. ಆದ್ದರಿಂದಲೇ ಯಾವ ದೇಶದಲ್ಲಿಯೂ ನಡೆಯುವ ನಗೆ. ಆಟದ ಹೆಸರೂ ಟೊಪ್ಪಿಗೆಯೂ ಅಲ್ಲಿಂದ ಬಂದವು.

ಆದರೆ ಪಡೆ ಬರಲಿಲ್ಲ. ಇದೇ ಈ ಆಟದ ಮೊದಲ ಕೊರತೆ. ಆ ಚಿತ್ರಗಳ ಹಾಸ್ಯವೆಲ್ಲ ಗುಂಪಿನದು: ಒಬ್ಬ ಬಿದ್ದರೆ ಅಪಘಾತ, ಹತ್ತು ಜನ ಒಟ್ಟಿಗೆ ಬಿದ್ದರೆ ಇಲಾಖೆ. ಇಲ್ಲಿ ಕೆಲ್ಲಿ ಒಂಟಿ. ಇದಕ್ಕೆ ಕಾರಣ ರಚನಕಾರರ ಅರಸಿಕತೆಯಲ್ಲ, ಯಂತ್ರದ ಬಡತನ. ವಿಜ್ಞಾನದ ಪದವಿ ಪಡೆದು ಆಮೇಲೆ ಕಡತ ಹೊತ್ತವರು ನಾವು. ಹಳೆಯ ಚಟ ಬಿಡದೆ ಇದನ್ನಷ್ಟು ಕೆದಕಿ ನೋಡಿದೆವು. 1977ರಲ್ಲಿ ಬಂದ ಅಟಾರಿ 2600 ಯಂತ್ರದ ನೆನಪಿನ ಶಕ್ತಿ ಒಟ್ಟು 128 ಬೈಟುಗಳು. ಚಲಿಸುವ ಚಿತ್ರಗಳೆಂದು ಅದಕ್ಕೆ ಗೊತ್ತಿದ್ದದ್ದು ಎರಡು ಗೊಂಬೆ, ಎರಡು ಗುಂಡು, ಒಂದು ಚೆಂಡು. ಇಷ್ಟನ್ನೇ ಪರದೆಯ ಗೆರೆ ಗೆರೆಯಲ್ಲೂ ಜಾಗ ಬದಲಿಸಿ ಬದಲಿಸಿ ತೋರಿಸಿ, ಬಹಳ ಇದೆಯೆಂಬ ಭ್ರಮೆ ಹುಟ್ಟಿಸಬೇಕು. ಇಡೀ ‘ಕೀಸ್ಟೋನ್ ಕೇಪರ್ಸ್’ 4 ಕಿಲೋಬೈಟಿನಲ್ಲಿ ಮುಗಿದಿದೆ. ತಾವು ಓದುತ್ತಿರುವ ಈ ಲೇಖನವನ್ನು ಕನ್ನಡ ಅಕ್ಷರದಲ್ಲಿ ಕಂಪ್ಯೂಟರಿನೊಳಗಿಟ್ಟರೆ ಅದರ ಹತ್ತರಲ್ಲೊಂದು ಪಾಲು ಕೂಡ ಆ ಜಾಗದಲ್ಲಿ ಹಿಡಿಸದು. ಅಷ್ಟರಲ್ಲಿ ಮಹಡಿ, ಲಿಫ್ಟು, ಕಳ್ಳ, ಪೋಲೀಸು, ವಿಮಾನ, ನಕ್ಷೆ, ಗಡಿಯಾರ ಎಲ್ಲವೂ ಇವೆ. ಇರುವ ಸಂಬಳದಲ್ಲಿ ಸಂಸಾರ ತೂಗಿಸುವ ಗೃಹಿಣಿಯರು ಇದನ್ನು ನಮಗಿಂತ ಚೆನ್ನಾಗಿ ಮೆಚ್ಚಬಲ್ಲರು.

ಇನ್ನು ಪೆದ್ದು ಪತ್ತೇದಾರನ ವಿಷಯ. ಎಲ್ಲಿಯವನಾದರೂ ಅವನಿಂದ ನಗು ಬರುವುದು ಒಂದೇ ಉಪಾಯದಿಂದ: ಅವನು ತಪ್ಪು ಮಾಡುತ್ತಾನೆ, ಕೆಲಸ ಸರಿಯಾಗುತ್ತದೆ. ನಾವು ತಿರುವನಂತಪುರದಲ್ಲಿದ್ದ ಐದು ವರ್ಷಗಳಲ್ಲಿ ಮಲಯಾಳ ಕಲಿತದ್ದು ಪುಸ್ತಕದಿಂದಲ್ಲ, ಭಾನುವಾರ ಟೀವಿಯಲ್ಲಿ ಬರುತ್ತಿದ್ದ ‘ನಾಡೋಡಿಕ್ಕಾಟ್ಟ್’ ಚಿತ್ರದಿಂದ. 1987ರ ಈ ಚಿತ್ರಕ್ಕೆ ಸಂಭಾಷಣೆ ಬರೆದವರು ಶ್ರೀನಿವಾಸನ್, ನಿರ್ದೇಶಿಸಿದವರು ಸತ್ಯನ್ ಅಂತಿಕ್ಕಾಡ್. ದುಬೈಗೆ ಹೊರಟ ದಾಸನ್ ಮತ್ತು ವಿಜಯನ್ ಎಂಬ ಇಬ್ಬರನ್ನು ದೋಣಿಯವನು ಮದ್ರಾಸಿನ ಕಡಲತೀರದಲ್ಲಿ ಇಳಿಸಿ ಹೋಗುತ್ತಾನೆ. ಅಲ್ಲಿಯ ಕಳ್ಳಸಾಗಣೆಗಾರ ಇವರನ್ನು ಸಿಐಡಿಗಳೆಂದು ತಪ್ಪು ತಿಳಿದು ನಡುಗುತ್ತಾನೆ. ದಾಸನ್ ಮಾತುಮಾತಿಗೂ ತನ್ನ ಬಿ.ಕಾಂ. ಫಸ್ಟ್ ಕ್ಲಾಸ್ ಎತ್ತುತ್ತಿದ್ದಾಗ ನಮ್ಮ ಮನೆಯವರು ನಮ್ಮ ಕಡೆ ಏಕೆ ನೋಡುತ್ತಿದ್ದರೆಂಬುದು ಇಲ್ಲಿ ಅಪ್ರಸ್ತುತ. ಮುಂದೆ 1988ರ ‘ಪಟ್ಟಣಪ್ರವೇಶಂ’, 1990ರ ‘ಅಕ್ಕರೆ ಅಕ್ಕರೆ ಅಕ್ಕರೆ’ ಚಿತ್ರಗಳಲ್ಲಿ ಇವರು ನಿಜವಾಗಿಯೇ ಸಿಐಡಿಗಳಾದರು. ನಮ್ಮ ಅಭಿಪ್ರಾಯದಲ್ಲಿ ಸಿಐಡಿ ಅಲ್ಲದಿದ್ದಾಗಿನ ಸೊಗಸು ಆದಮೇಲೆ ಉಳಿಯಲಿಲ್ಲ. 2003ರಲ್ಲಿ ಜಾನಿ ಆಂಟನಿ ಅವರ ‘ಸಿಐಡಿ ಮೂಸ’ ಬಂತು. ಪೋಲೀಸು ಕೆಲಸ ಸಿಗದೆ ಖಾಸಗಿ ಪತ್ತೇದಾರನಾಗುವ ಮೂಲಂಕುಳಿಯಿಲ್ ಸಹದೇವನ ಕಥೆ. ಮೂಲಂಕುಳಿ ಎಂಬುದು ನಮ್ಮ ಮಟ್ಟಾಂಚೇರಿಗೆ ಹತ್ತಿರದ ಒಂದು ಜಾಗದ ಹೆಸರೂ ಹೌದು. ನಮ್ಮ ಮಗ ಈ ಚಿತ್ರವನ್ನು ಇಪ್ಪತ್ತು ಸಲವಾದರೂ ನೋಡಿದ್ದಾನೆ.

ನಮ್ಮಲ್ಲಿ ಪತ್ತೇದಾರನಿಗೆ ಗಾಂಭೀರ್ಯ ಹೆಚ್ಚು. 1968ರ ‘ಜೇಡರ ಬಲೆ’ಯ ಸಿಐಡಿ 999 ಆಗಿ ರಾಜಕುಮಾರ್ ಬಂದಾಗ ಎಡವುವ ಪ್ರಶ್ನೆಯೇ ಇರಲಿಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದವರಿಗೂ ಅವನು ಜಾರಿಬಿದ್ದ ನೆನಪಿರಲಾರದು. ಎಡವುವ ಪತ್ತೇದಾರನನ್ನು ಕನ್ನಡಿಗರು ಮನಸಾರೆ ನಕ್ಕು ಬರಮಾಡಿಕೊಂಡದ್ದು 2019ರಲ್ಲಿ, ಜಯತೀರ್ಥರ ‘ಬೆಲ್ ಬಾಟಂ’ ಚಿತ್ರದ ದಿವಾಕರನಾಗಿ ರಿಷಬ್ ಶೆಟ್ಟಿ ಬಂದಾಗ ಎನ್ನಬಹುದು. ಅದೂ ಎಂಬತ್ತರ ದಶಕದ ವೇಷ ತೊಟ್ಟೇ ಬಂತು. ನಗುವುದಕ್ಕೆ ಕಾಲ ಸ್ವಲ್ಪ ಹಿಂದೆ ಸರಿಯಬೇಕೇನೋ.

ಈ ಎಲ್ಲರನ್ನೂ ಕೊನೆಯಲ್ಲಿ ಕಾಪಾಡುವುದು ಅದೃಷ್ಟ, ಇಲ್ಲವೇ ಮರೆಯಲ್ಲಿರುವ ಬೇರೊಬ್ಬರ ಬುದ್ಧಿ. 1983ರಲ್ಲೇ ಟೀವಿಗೆ ಬಂದ ‘ಇನ್‌ಸ್ಪೆಕ್ಟರ್ ಗ್ಯಾಜೆಟ್’ ಎಂಬ ವ್ಯಂಗ್ಯಚಿತ್ರ ಮಾಲಿಕೆಯಲ್ಲಿ ಇದನ್ನು ನಿಯಮವಾಗಿಯೇ ಇಟ್ಟಿದ್ದಾರೆ. ಪತ್ತೇದಾರ ಶುದ್ಧ ಪೆದ್ದು; ಕೇಸು ಬಗೆಹರಿಸುವವರು ಅವನ ಪುಟ್ಟ ಸೋದರ ಸೊಸೆ ಪೆನ್ನಿ ಮತ್ತು ಅವರ ನಾಯಿ. ಶಾಭಾಸ್‌ಗಿರಿ ಮಾತ್ರ ಮಾವನಿಗೆ. ಮಾಡುವವರು ಯಾರು, ಸಹಿ ಹಾಕುವವರು ಯಾರು ಎಂಬುದು ಕಛೇರಿಯಲ್ಲಿ ದುಡಿದ ಯಾರಿಗೂ ಹೊಸದಲ್ಲ.

‘ಕೀಸ್ಟೋನ್ ಕೇಪರ್ಸ್’ ಇವೆಲ್ಲವುಗಳಿಂದ ಬೇರೆಯಾಗುವುದು ಇಲ್ಲಿ. ಕೆಲ್ಲಿಯನ್ನು ಯಾವ ಅದೃಷ್ಟವೂ ಕಾಪಾಡುವುದಿಲ್ಲ. ಮರೆಯಲ್ಲಿ ನಿಂತು ಯೋಚಿಸುವ ಸೊಸೆಯೂ ನಾವೇ, ಗಾಡಿಗೆ ಢಿಕ್ಕಿ ಹೊಡೆಯುವ ಮಾವನೂ ನಾವೇ. ಸಿನಿಮಾದಲ್ಲಿ ಪೆದ್ದನನ್ನು ನೋಡಿ ನಗುವಾಗ ‘ನಾನಾಗಿದ್ದರೆ ಹೀಗೆ ಮಾಡುತ್ತಿರಲಿಲ್ಲ’ ಎಂಬ ಸಣ್ಣ ಜಂಬ ನಮ್ಮೊಳಗೆ ಇರುತ್ತದೆ. ಆಟದಲ್ಲಿ ಆ ಜಂಬಕ್ಕೆ ಜಾಗವಿಲ್ಲ. ಚೆಂಡು ಬರುವುದು ಕಾಣುತ್ತದೆ, ಹಾರಬೇಕೆಂಬುದೂ ಗೊತ್ತು, ಹೆಬ್ಬೆರಳು ಒಂದು ಕ್ಷಣ ತಡವಾಗುತ್ತದೆ. ಪೆದ್ದುತನವನ್ನು ಚಿತ್ರಕಥೆಯಲ್ಲಿ ಬರೆದಿಲ್ಲ. ಅದನ್ನು ಪ್ರತಿ ಸಂಜೆ ನಾವು ಹೊಸದಾಗಿ ಒದಗಿಸುತ್ತೇವೆ. ಹಾಗಾಗಿಯೇ ನಲವತ್ತು ವರ್ಷ ಹಳೆಯ, ನಾಲ್ಕು ಬಣ್ಣದ ಗೊಂಬೆಯೊಂದು ‘ಮೂಸ’ನನ್ನು ಬಾಯಿಪಾಠ ಮಾಡಿದ ಹುಡುಗನನ್ನೂ ನಗಿಸಿತು.

ನಾವು ಇದನ್ನು ಬರೆಯಲು ಹೊರಟದ್ದಕ್ಕೆ ಇನ್ನೊಂದು ಕಾರಣವೂ ಇದೆ. ಪರಸ್ಥಳದಲ್ಲಿ ನೆಲೆಸಿದ ನಮ್ಮ ಓದುಗರಿಗೆ ಅದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕಳೆದ ವರ್ಷ ತಂದೆಯವರು ತೀರಿಕೊಂಡ ಮೇಲೆ ತಾಯಿಯವರನ್ನು ಊರಿನಿಂದ ಇಲ್ಲಿಗೆ ಕರೆತಂದೆವು. ಅವರಿಗೆ ಮಲಯಾಳ ಬಾರದು. ಚೆರ್ಲಾಯಿಯ ಕಡೆಯ ಕೊಂಕಣಿ ಮನೆಯವರೊಡನೆ ಊರಿನಲ್ಲಿ ಕಲಿತ ಅರೆಬರೆ ಕೊಂಕಣಿಯಲ್ಲಿ ಹೇಗೋ ಸುಖದುಃಖ ಮಾತಾಡಿಕೊಳ್ಳುತ್ತಾರೆ. ಕಷ್ಟವಾದದ್ದು ಮನೆಯೊಳಗೆ. ಮಗ ತಿರುವನಂತಪುರದಲ್ಲಿ ಹುಟ್ಟಿದವನು. ಕನ್ನಡ ತಿಳಿಯುತ್ತದೆ, ಅಜ್ಜಿ ಕೇಳಿದ್ದಕ್ಕೆ ಉತ್ತರ ಮಲಯಾಳದಲ್ಲಿ, ಇಲ್ಲವೇ ತಲೆಯಾಡಿಸುವುದರಲ್ಲಿ. ಅಜ್ಜಿಯ ಕುಂದಾಪುರದ ಮಾತು ಅವನಿಗೆ ನಮ್ಮ ಪಠ್ಯಪುಸ್ತಕದ ಕನ್ನಡಕ್ಕಿಂತಲೂ ದೂರ. ಒಂದೇ ಕೋಣೆಯಲ್ಲಿ ಇಬ್ಬರೂ ಮೌನವಾಗಿ ಕುಳಿತಿರುವುದನ್ನು ಆರು ತಿಂಗಳು ನೋಡಿದೆವು. ಪ್ರತಿ ನವೆಂಬರಿನಲ್ಲಿ ಸಂಘದ ವೇದಿಕೆಯ ಮೇಲೆ ನಿಂತು ಮಕ್ಕಳಿಗೆ ಕನ್ನಡ ಕಲಿಸಿ ಎಂದು ಭಾಷಣ ಮಾಡಿದವರು ನಾವೇ.

ಆಟ ಮೊದಲಾದ ಮೂರನೆಯ ದಿನವೋ ನಾಲ್ಕನೆಯ ದಿನವೋ ತಾಯಿಯವರು ಬತ್ತಿ ಹೊಸೆಯುತ್ತ ಪರದೆಯನ್ನು ನೋಡುತ್ತಿದ್ದರು. ಇದ್ದಕ್ಕಿದ್ದಂತೆ, ‘ಅಂವ ಎಂತ ಕದ್ದದ್ದ್ ಮಾಣಿ?’ ಎಂದು ಕೇಳಿದರು. ಹುಡುಗ ತಬ್ಬಿಬ್ಬಾದ. ನಾವೂ ಯೋಚಿಸಿದೆವು. ಹ್ಯಾರಿ ಏನು ಕದ್ದನೆಂಬುದು ಆಟ ಆಡುವವನ ಕಣ್ಣಿಗೆ ಎಲ್ಲಿಯೂ ಬೀಳುವುದಿಲ್ಲ. ದಾರಿಯಲ್ಲಿ ಹಣದ ಚೀಲ, ಪೆಟ್ಟಿಗೆ ಬಿದ್ದಿರುತ್ತವೆ. ಕೆಲ್ಲಿ ಅವುಗಳನ್ನು ಮುಟ್ಟಿದರೆ ಒಂದೊಂದಕ್ಕೆ 50 ಅಂಕ. ಸ್ವಲ್ಪ ಹೊತ್ತು ನೋಡಿ ತಾಯಿಯವರು ತೀರ್ಪು ಕೊಟ್ಟರು: ‘ಪೋಲೀಸನೇ ಗಂಟ್ ಎತ್ಕಂಡ್ ಓಡ್ತಾ ಅಲ್ದಾ!’ ಈ ಆಟದ ಬಗ್ಗೆ ಇದಕ್ಕಿಂತ ಹರಿತವಾದ ವಿಮರ್ಶಾವಾಕ್ಯವನ್ನು ನಾವು ಬರೆಯಲಾರೆವು. ಕದ್ದ ಮಾಲನ್ನು ವಶಪಡಿಸಿಕೊಳ್ಳುವುದು ಎಂದು ರಚನಕಾರರ ಉದ್ದೇಶವಿರಬಹುದು. ಕಣ್ಣಿಗೆ ಕಾಣುವುದು ತಾಯಿಯವರು ಹೇಳಿದಂತೆಯೇ. ಹುಡುಗ ನಗು ತಡೆಯಲಾರದೆ ಯಂತ್ರ ಕೈಬಿಟ್ಟ. ವಿಮಾನ ಬಡಿದು ಕೆಲ್ಲಿ ಸತ್ತ.

ಮರುದಿನದಿಂದ ಅವರು ಕೆಳಗಿನ ನಕ್ಷೆಯ ಉಸ್ತುವಾರಿ ವಹಿಸಿಕೊಂಡರು. ಹುಡುಗನ ಕಣ್ಣು ಕೆಲ್ಲಿಯ ಮೇಲಿರಬೇಕು, ನಕ್ಷೆ ನೋಡಲು ಪುರುಸೊತ್ತಿಲ್ಲ. ಕಳ್ಳನ ಚುಕ್ಕೆ ಎಲ್ಲಿದೆಯೆಂದು ಅಜ್ಜಿ ಹೇಳಬೇಕು. ‘ಮೇಲ್ ಹೋಯ್ಬೇಡ, ಅಂವ ಕೆಳಗಿದ್ದ’, ‘ನಿಲ್ಲ್, ಪೆಟ್ಟಿಗೆ ಬರ್ಲಿ’ — ಪೆಟ್ಟಿಗೆ ಎಂದರೆ ಲಿಫ್ಟು. ಬಗ್ಗು, ಹಾರು, ಓಡು, ನಿಲ್ಲು. ನಾಲ್ಕೈದು ಕ್ರಿಯಾಪದಗಳಲ್ಲಿ ಮುಗಿಯುವ ಆಟ ಇದು. ‘ಓಡು’ ಎರಡು ಭಾಷೆಗೂ ಒಂದೇ. ‘ಹಾರು’ ಎಂಬಲ್ಲಿ ಮಾತ್ರ ತೊಡಕಾಯಿತು. ಮಲಯಾಳದಲ್ಲಿ ನೆಗೆಯುವುದಕ್ಕೆ ‘ಚಾಡ್’ ಎಂಬ ಮಾತು, ಹಕ್ಕಿ ಹಾರುವುದಕ್ಕೆ ಬೇರೆಯ ಮಾತು. ನಮಗೆ ಎರಡಕ್ಕೂ ಹಾರುವುದೇ. ‘ವಿಮಾನ ಹಾರಿ ಬಂತ್’ ಎಂದು ಅಜ್ಜಿ ಎಚ್ಚರಿಸಿದರೆ, ಬಗ್ಗಬೇಕಾಗಿದ್ದ ಹುಡುಗ ಹಾರಿಯೇಬಿಟ್ಟು ವಿಮಾನಕ್ಕೆ ತಲೆ ಕೊಟ್ಟ. ಆಮೇಲೆ ಇಬ್ಬರಿಗೂ ಜಗಳ. ಜಗಳ ಕನ್ನಡದಲ್ಲಿ ನಡೆಯಿತು. ಅಡಿಗೆಮನೆಯಲ್ಲಿದ್ದ ನಮ್ಮ ಮನೆಯವರು ಒಗ್ಗರಣೆ ಬಿಟ್ಟು ಬಂದು ಬಾಗಿಲಲ್ಲಿ ನಿಂತು ಕೇಳಿದರು.

ಇದರಿಂದ ಹುಡುಗ ಕನ್ನಡ ಪಂಡಿತನಾದನೆಂದು ಹೇಳುತ್ತಿಲ್ಲ. ಇಂದಿಗೂ ಶಾಲೆಯ ಸುದ್ದಿಯನ್ನು ಮಲಯಾಳದಲ್ಲೇ ಹೇಳುತ್ತಾನೆ. ನಾವು ಹೇಳುವುದು ಆಟದ ಒಂದು ಗುಣದ ಬಗ್ಗೆ. ಅದರ ಪರದೆಯ ಮೇಲೆ ಓದಲೇಬೇಕಾದ ಒಂದು ಮಾತೂ ಇಲ್ಲ. ಮಾತಿನ ಜಾಗ ಖಾಲಿ ಇದ್ದುದರಿಂದ ನಮ್ಮ ಮನೆಯ ಮಾತು ಅಲ್ಲಿ ಹೋಗಿ ಕುಳಿತಿತು. ಇದನ್ನು ಹೋಲಿಸಿ ನೋಡಲೆಂದು ಮಗನಿಂದ ‘ಥಿಂಬಲ್‌ವೀಡ್ ಪಾರ್ಕ್’ ಎಂಬ ಆಟವನ್ನೂ ಆಡಿಸಿ ನೋಡಿದೆವು. ರಾನ್ ಗಿಲ್ಬರ್ಟ್ ಮತ್ತು ಗ್ಯಾರಿ ವಿನ್ನಿಕ್ 2017ರಲ್ಲಿ ಹೊರತಂದದ್ದು, ಆದರೆ 1987ರ ಕಥೆ, ಬೇಕೆಂದೇ ಹಳೆಯ ಕಾಲದ ದಪ್ಪ ಚುಕ್ಕೆಗಳಲ್ಲಿ ಬಿಡಿಸಿದ ಚಿತ್ರ. ಅದು ಹಾರುವ ಜಾತಿಯದಲ್ಲ, ಸುಳಿವು ಹುಡುಕುವ ಜಾತಿಯದು. ರೇ ಮತ್ತು ರೇಯಸ್ ಎಂಬ ಇಬ್ಬರು ಪತ್ತೇದಾರರು ಒಂದು ಹೆಣದ ಜಾಡು ಹಿಡಿದು ವಿಚಿತ್ರ ಊರೊಂದಕ್ಕೆ ಬರುತ್ತಾರೆ. ಸಂಭಾಷಣೆ ಬಲು ಚುರುಕು, ವ್ಯಂಗ್ಯ ಮೊನಚು. ಕಸುಬಿನ ದೃಷ್ಟಿಯಿಂದ ಕೆಲ್ಲಿಯ ಓಟಕ್ಕಿಂತ ನೂರು ಪಾಲು ದೊಡ್ಡ ಕೆಲಸ. ಆದರೆ ನಗುವೆಲ್ಲ ಇಂಗ್ಲಿಷಿನೊಳಗಿದೆ. ಹುಡುಗ ಒಬ್ಬನೇ ನಕ್ಕ, ನಾವು ಅರ್ಧ ನಕ್ಕೆವು, ತಾಯಿಯವರು ಎದ್ದು ಹೋಗಿ ದೇವರ ಮುಂದೆ ಕುಳಿತರು. ಅದರ ದಪ್ಪ ಚುಕ್ಕೆ ಒಂದು ಅಲಂಕಾರ. ಕೆಲ್ಲಿಯ ದಪ್ಪ ಚುಕ್ಕೆ ಅವನ ಮೈ.

ದೋಷಗಳನ್ನೂ ಹೇಳಿಬಿಡಬೇಕು. ಪಡೆಯಿಲ್ಲದ ಕೊರತೆಯನ್ನು ಆಗಲೇ ಹೇಳಿದೆವು. ಅದಕ್ಕಿಂತ ದೊಡ್ಡ ದೋಷ, ಕೆಲ್ಲಿ ಬೀಳುವುದಿಲ್ಲ. ಗಾಡಿ ತಗುಲಿದಾಗ ಸದ್ದಾಗುತ್ತದೆ, ಗಡಿಯಾರದಿಂದ 9 ಸೆಕೆಂಡು ಹಾರಿಹೋಗುತ್ತದೆ, ಅಷ್ಟೇ. ಟೊಪ್ಪಿಗೆ ಒಂದು ಕಡೆ, ಲಾಠಿ ಒಂದು ಕಡೆ, ಅವನು ಅಂಗಾತ — ಇದು ಕಾಣಲೇಬೇಕಾಗಿತ್ತು. ಕೀಸ್ಟೋನ್ ಎಂಬ ಹೆಸರಿಟ್ಟುಕೊಂಡು ಬೀಳುವುದನ್ನು ಲೆಕ್ಕಕ್ಕೆ ಬರೆದುಕೊಂಡರೆ ಸಾಕೇ? ಸಂಬಳದಲ್ಲಿ ಕಡಿತವಾದಂತಾಯಿತು. ಬೀಳುವ ಚಿತ್ರವನ್ನು ನಾವೇ ಮನಸ್ಸಿನಲ್ಲಿ ಬರೆದುಕೊಳ್ಳಬೇಕು. ತಾಯಿಯವರು ಪ್ರತಿ ಸಲವೂ ‘ಬಿದ್ದ!’ ಎನ್ನುತ್ತಾರೆ. ಆ ಉದ್ಗಾರ ಇಲ್ಲದಿದ್ದರೆ ನಗೆಯ ಅರ್ಧ ಪಾಲು ಖೋತಾ.

ಇನ್ನೊಂದು, ಆಟ ಮುಂದುವರಿದಂತೆ ಅದರ ಹಾಸ್ಯ ಬತ್ತುತ್ತದೆ. ಮೊದಲ ಕೆಲವು ಸುತ್ತುಗಳಲ್ಲಿ ಗಾಡಿ, ಚೆಂಡುಗಳ ನಡುವೆ ಉಸಿರಾಡುವಷ್ಟು ಜಾಗವಿದೆ. ಹಾಗಿರುವಾಗ ಎಡವಿದರೆ ನಗು ಬರುತ್ತದೆ. ಕಳ್ಳನನ್ನು ಹಿಡಿದ ಹಾಗೆಲ್ಲ ಅಡ್ಡಿಗಳು ಹೆಚ್ಚುತ್ತವೆ, ವೇಗವಾಗುತ್ತವೆ. ಒಂದು ಹಂತದ ಮೇಲೆ ಹುಡುಗನ ಮುಖ ಗಂಟಿಕ್ಕುತ್ತದೆ, ಅಜ್ಜಿಯ ಮಾತು ಕೇಳಿಸುವುದಿಲ್ಲ, ಕೇಳಿಸಿದರೂ ಪಾಲಿಸಲು ಸಮಯವಿಲ್ಲ. ಎಡವಲು ಸಾಧ್ಯವಾಗುವಷ್ಟಾದರೂ ಬಿಡುವಿಲ್ಲದವನು ಹಾಸ್ಯಪಾತ್ರವಾಗಲಾರ, ಬರಿಯ ಕೂಲಿಯಾಗುತ್ತಾನೆ. ಮಟ್ಟಾಂಚೇರಿಯ ಬಜಾರ್ ರಸ್ತೆಯಲ್ಲಿ ಗೋದಾಮುಗಳ ನಡುವೆ ಬೆಳಗ್ಗೆ ಹತ್ತು ಗಂಟೆಗೆ ನಡೆದು ನೋಡಿದವರಿಗೆ ಇದು ಅರ್ಥವಾದೀತು. ಎದುರಿಗೆ ಮೂಟೆ ತುಂಬಿದ ಒಂದು ಕೈಗಾಡಿ ಬಂದು ನಾವು ಪಕ್ಕಕ್ಕೆ ಹಾರಿದರೆ ತಮಾಷೆ. ಲಾರಿ, ಸ್ಕೂಟರು, ಕೈಗಾಡಿ ಎಲ್ಲ ಒಮ್ಮೆಗೇ ನುಗ್ಗಿದರೆ ಯಾರೂ ನಗುವುದಿಲ್ಲ. ರಚನಕಾರರು ಇದನ್ನು ತಿಳಿಯದವರೆಂದು ಹೇಳಲಾರೆವು. ಅಂಕದ ಆಸೆ ಹುಟ್ಟಿಸಿ ಮತ್ತೆ ಮತ್ತೆ ಆಡಿಸಬೇಕಾದ ಕಾಲ ಅದು. ಕಷ್ಟ ಹೆಚ್ಚಿಸುವುದೊಂದೇ ಅವರಿಗೆ ಗೊತ್ತಿದ್ದ ದಾರಿ. ಪೆದ್ದುತನ ಹೆಚ್ಚಿಸುವ ದಾರಿ ಇತ್ತು. ಹ್ಯಾರಿಗೆ ಇನ್ನಷ್ಟು ಕುಯುಕ್ತಿ ಕಲಿಸಬಹುದಿತ್ತು, ಲಿಫ್ಟಿಗೆ ಇನ್ನಷ್ಟು ಸೋಮಾರಿತನ. 4 ಕಿಲೋಬೈಟಿನಲ್ಲಿ ಅದಕ್ಕೆ ಜಾಗ ಸಾಲಲಿಲ್ಲವೆಂದರೆ ನಾವು ಒಪ್ಪಿಕೊಂಡು ಸುಮ್ಮನಾಗುತ್ತೇವೆ.

ಎಸ್ಕಲೇಟರಿನ ವಿಷಯದಲ್ಲಿ ಮಾತ್ರ ಆಟಕ್ಕೆ ಪೂರ್ಣ ಅಂಕ. ದೀಪಾವಳಿಯ ಸಮಯದಲ್ಲಿ ತಾಯಿಯವರನ್ನು ಇಡಪ್ಪಳ್ಳಿಯ ದೊಡ್ಡ ಮಾಲಿಗೆ ಕರೆದುಕೊಂಡು ಹೋಗಿದ್ದೆವು. ಹಿಂದಿನ ಸಲ ಹೋದಾಗ ಚಲಿಸುವ ಮೆಟ್ಟಿಲಿನ ಮುಂದೆ ನಿಂತವರು ಕೊನೆಗೂ ಕಾಲಿಟ್ಟಿರಲಿಲ್ಲ. ಈ ಸಲ ಮೊಮ್ಮಗನ ಕೈ ಹಿಡಿದು, ‘ಇದ್ ಮೇಲ್ ಮಾತ್ರ ಹೋಪುದ್, ಇಳೂಕೆ ಪೆಟ್ಟಿಗೆ ಎಲ್ಲಿತ್ತ್?’ ಎಂದು ವಿಚಾರಿಸಿಕೊಂಡೇ ಹತ್ತಿದರು.

ಒಂದು ಮಾತು ಬಿಟ್ಟಿತ್ತು. ಆ ಕಾಲದಲ್ಲಿ ಈ ಆಟದಲ್ಲಿ 35,000 ಅಂಕ ಗಳಿಸಿದವರು ಟೀವಿ ಪರದೆಯ ಫೋಟೋ ತೆಗೆದು ಕಂಪೆನಿಗೆ ಕಳಿಸಿದರೆ ಬಟ್ಟೆಯ ಮೇಲೆ ಹೊಲಿದುಕೊಳ್ಳುವ ಒಂದು ಬಿಲ್ಲೆಯನ್ನು ಅಂಚೆಯಲ್ಲಿ ಕಳಿಸಿಕೊಡುತ್ತಿದ್ದರು. ಲಾಠಿಯ ಹೆಸರಿನ ಸಂಘಕ್ಕೆ ಸದಸ್ಯರಾದ ಗುರುತು ಅದು. ಆ ಪದ್ಧತಿ ನಿಂತು ದಶಕಗಳೇ ಆದವು. ಕಳೆದ ಶನಿವಾರ ರಾತ್ರಿ ಅಜ್ಜಿ ಮೊಮ್ಮಗ ಇಬ್ಬರೂ ಸೇರಿ 35,000 ದಾಟಿದರು. ಫೋಟೋ ತೆಗೆದಾಯಿತು. ಕಳಿಸುವುದಕ್ಕೆ ವಿಳಾಸವಿಲ್ಲವೆಂಬುದನ್ನು ತಾಯಿಯವರಿಗೆ ಇನ್ನೂ ಯಾರೂ ಹೇಳಿಲ್ಲ. ದಿನವೂ ನಾವು ಕಛೇರಿಯಿಂದ ಬರುತ್ತಲೇ ಅಂಚೆಯವನು ಬಂದಿದ್ದನೇ ಎಂದು ಕೇಳುತ್ತಾರೆ. ನಮ್ಮ ಮನೆಯವರು ಮೊನ್ನೆಯಿಂದ ಹೊಲಿಗೆಯ ಪೆಟ್ಟಿಗೆ ತೆಗೆದು ನೀಲಿ ಬಟ್ಟೆಯ ಒಂದು ತುಂಡು ಹುಡುಕುತ್ತಿದ್ದಾರೆ.